ದುರ್ಗ ಮಡಿವಾಳ ಹಾಕದ ಗುರುತು

ಹೊನ್ನಾವರದ ನಮ್ಮ ಕೇರಿಯಲ್ಲಿ ದುರ್ಗ ಮಡಿವಾಳನಿಗೆ ಹನ್ನೊಂದು ಮನೆಗಳಿದ್ದವು. ಅವು ಅವನ ಸ್ವಂತ ಮನೆಗಳಲ್ಲ; ಬಟ್ಟೆ ಒಗೆಯುವ ಹಕ್ಕಿನ ಮನೆಗಳು. ಅವನ ಅಪ್ಪ ಒಗೆದ ಮನೆಗಳಿಗೆ ಅವನು ಒಗೆಯುತ್ತಿದ್ದ. ಹೆರಿಗೆಯ ಪುರುಡು ಕಳೆಯುವಾಗ, ಸಾವಿನ ಸೂತಕ ಕಳೆಯುವಾಗ, ಮದುವೆಯಲ್ಲಿ ವರ ನಡೆದು ಬರುವ ದಾರಿಗೆ ನಡೆಮಡಿಯ ಬಟ್ಟೆ ಹಾಸುವಾಗ ಆ ಮನೆಗಳಿಗೆ ಅವನೇ ಬರಬೇಕು. ಅವನ ಒಪ್ಪಿಗೆಯಿಲ್ಲದೆ ಬೇರೊಬ್ಬ ಮಡಿವಾಳ ಆ ಅಂಗಳಗಳಿಗೆ ಕಾಲಿಡುತ್ತಿರಲಿಲ್ಲ.

ಅವನು ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವನು. ಗುರುವಾರ ಬಂದು ಮೈಲಿಗೆ ಬಟ್ಟೆ ಒಯ್ಯುವುದು, ಮುಂದಿನ ಗುರುವಾರ ಒಗೆದದ್ದನ್ನು ತಂದು ಒಪ್ಪಿಸುವುದು. ಶರಾವತಿ ಊರ ಮಗ್ಗುಲಲ್ಲೇ ಹರಿದರೂ ಸಮುದ್ರದ ಉಪ್ಪು ಬೆರೆತ ಆ ನೀರಿನಲ್ಲಿ ಸಾಬೂನು ನೊರೆಗಟ್ಟುವುದಿಲ್ಲ. ಆದ್ದರಿಂದ ಅವನೂ ಅವನ ಹೆಂಡತಿ ಸೋಮಿಯೂ ಗಂಟು ಹೊತ್ತು ಮೂಡಣಕ್ಕೆ ಒಂದೂವರೆ ಮೈಲಿ ನಡೆದು ಸಿಹಿನೀರಿನ ಕೆರೆಗೆ ಹೋಗುತ್ತಿದ್ದರು. ಅವನಿಗೆ ಓದು ಬರದು. ಬಟ್ಟೆಯನ್ನು ಮಾತ್ರ ಓದುತ್ತಿದ್ದ. ಒಮ್ಮೆ ನನ್ನ ಅಂಗಿಯನ್ನು ಕೊಡವುತ್ತ, “ಮಾಸ್ತರ್ರೆ, ನೀವು ಬೋರ್ಡು ಎಡಗೈಲಿ ಒರೆಸೂದು ಅಲ್ದಾ? ಸೀಮೆಸುಣ್ಣ ಎಲ್ಲಾ ಎಡತೋಳಲ್ಲೇ ಇರ್ತದೆ,” ಎಂದ. ನಾನು ಹದಿನೆಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೆ. ಅದನ್ನು ನಾನೂ ಗಮನಿಸಿರಲಿಲ್ಲ, ಹುಡುಗರೂ ಹೇಳಿರಲಿಲ್ಲ.

ಹನ್ನೊಂದು ಮನೆಯ ಬಟ್ಟೆ ಒಂದೇ ಕಲ್ಲಿನ ಮೇಲೆ ಬೀಳುವುದರಿಂದ ಪ್ರತಿ ಮನೆಗೆ ಒಂದು ಗುರುತು ಬೇಕಾಗುತ್ತದೆ. ನಮ್ಮ ಕಡೆಯ ಮಡಿವಾಳರು ಅದಕ್ಕೆ ಕರಿಗೇರು ಎಂಬ ಕಾಡುಕಾಯಿಯನ್ನು ಬಳಸುತ್ತಿದ್ದರು. ಕಾಯಿಗೆ ಸೂಜಿ ಚುಚ್ಚಿ, ಸೂಜಿಗೆ ಅಂಟಿದ ರಸದಿಂದ ಬಟ್ಟೆಯ ಒಳಮೂಲೆಗೆ ಚುಕ್ಕೆಯನ್ನೋ ಗೆರೆಯನ್ನೋ ಎಳೆದು, ಮೇಲೆ ಸ್ವಲ್ಪ ಸುಣ್ಣ ಒತ್ತಿದರೆ ಆ ಕಪ್ಪು ಬಟ್ಟೆ ಹರಿಯುವವರೆಗೂ ಅಳಿಯುವುದಿಲ್ಲ. ಆದರೆ ಆ ರಸ ಕೆಲವರ ಮೈಗೆ ಆಗದು. ಹಸಿ ಗುರುತು ಚರ್ಮಕ್ಕೆ ತಾಗಿದರೆ ಆ ಜಾಗ ತುರಿಸಿ, ಬೊಬ್ಬೆಯೆದ್ದು ಕೀವಾಗುವುದುಂಟು. ೧೯೫೮ರ ಬೇಸಿಗೆಯಲ್ಲಿ ಸೋಮಿಯ ಎರಡೂ ಕೈ ಮೊಣಕೈವರೆಗೆ ಹಾಗೆ ಬೊಬ್ಬೆಯೆದ್ದವು. ದುರ್ಗ ಅಂದೇ ಕಾಯಿಗಳನ್ನು ತೆಂಗಿನ ಬುಡದಲ್ಲಿ ಹೂತ. ಅಲ್ಲಿಂದಾಚೆಗೆ ಅವನ ಗುರುತು ಕೆಂಪು ದಾರದ ಹೊಲಿಗೆ. ನಮ್ಮ ಮನೆಗೆ ಎರಡು ಹೊಲಿಗೆ, ಪಕ್ಕದ ಹರಿಹರ ಹೆಗಡೆಯವರ ಮನೆಗೆ ಮೂರು. ಉಳಿದ ಮಡಿವಾಳರು ನಕ್ಕರು. “ನಿನ್ನ ಗಂಡ ದರ್ಜಿ ಆದನಲ್ಲೇ,” ಎಂದು ಸೋಮಿಯನ್ನು ಕೆರೆಯ ಕಟ್ಟೆಯಲ್ಲಿ ಗೇಲಿ ಮಾಡಿದರು. “ಆಗ್ಲಿ ಬಿಡ್ರಿ, ನನ್ನ ಕೈ ನಂಗೆ ಸಿಕ್ತಲ್ಲ,” ಎಂದು ಅವಳು ಉತ್ತರ ಕೊಟ್ಟಳಂತೆ.

ಹರಿಹರ ಹೆಗಡೆ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ನನ್ನ ನೆರೆಯವನು, ನನ್ನ ಗೆಳೆಯ. ಮೃದು ಸ್ವಭಾವದವನು, ಏರಿದ ದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. ೧೯೫೯ರಲ್ಲಿ ಕೇರಿಯ ಒಂದು ಮನೆಯವರು ಜರಿಯ ಪಂಚೆಯೊಂದು ಕಾಣೆಯಾಯಿತೆಂದು ದುರ್ಗನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಬೈಯುತ್ತಿದ್ದರು. ಹರಿಹರ ಜಗಲಿಯಿಂದ ಇಳಿದು ಬಂದು, “ಒಯ್ದಿಲ್ಲ ಅಂತ ದುರ್ಗ ಹೇಳಿದ ಮೇಲೆ ಮುಗೀತು. ಮನೆಯಲ್ಲೇ ಹುಡುಕಿ,” ಎಂದ. ಪಂಚೆ ಅವರ ಟ್ರಂಕಿನಲ್ಲಿಯೇ ಸಿಕ್ಕಿತು. ಆ ದಿನದಿಂದ ದುರ್ಗನಿಗೆ ಹರಿಹರನೆಂದರೆ ಬೇರೆಯೇ ಒಂದು ನಂಬಿಕೆ. ಬೇರೆಯವರ ಬಟ್ಟೆ ತಡವಾದರೂ ಹೆಗಡೆಯವರ ಮನೆಯದು ತಡವಾಗುತ್ತಿರಲಿಲ್ಲ.

ಹರಿಹರನ ಹೆಂಡತಿ ಪರಮೇಶ್ವರಿಯ ಕಾಯಿಲೆ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ೧೯೬೧ರ ಫೆಬ್ರುವರಿಯಲ್ಲಿ. ಇಪ್ಪತ್ತಾರನೆಯ ತಾರೀಖು, ಭಾನುವಾರ, ನನ್ನ ದಿನಚರಿಯಲ್ಲಿ ಹೀಗೆ ಬರೆದಿದೆ: ‘ಪರಮೇಶ್ವರಿ ಮಜ್ಜಿಗೆ ಕೊಡಲು ಬಂದಿದ್ದರು. ಎರಡೂ ಮೇಲ್ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿವೆ, ಸ್ವಲ್ಪ ಊದಿವೆ. ನಿದ್ರೆ ಇಲ್ಲವೆಂದು ಕಾಣುತ್ತದೆ.’ ಬಸಳೆಯ ಹಣ್ಣನ್ನು ಹಿಂಡಿ ಬೆರಳಿನಿಂದ ಒರೆಸಿದಂಥ ಬಣ್ಣ ಅದು. ನನ್ನ ಹೆಂಡತಿ ಬಾವಿಕಟ್ಟೆಯಲ್ಲಿ, “ಎಂತದೇ ಪರಮೇಶ್ವರಿ, ಆಟಕ್ಕೆ ಬಣ್ಣ ಹಚ್ಚಿದಂಗೆ ಇದ್ದು,” ಎಂದು ಯಕ್ಷಗಾನದ ವೇಷಕ್ಕೆ ಹೋಲಿಸಿ ನಗೆಯಾಡಿದಳು. ಪರಮೇಶ್ವರಿಯೂ ನಕ್ಕರು.

ಬೇಸಿಗೆ ಏರಿದಂತೆ ಕೆಂಪು ಹರಡುತ್ತ ಬಂತು. ಹಣೆ, ಕೊರಳ ಕೆಳಗೆ ರವಿಕೆ ಮುಚ್ಚದಿರುವ ಮೂಲೆ, ರವಿಕೆಯ ಮೇಲೆ ಕಾಣುವಷ್ಟು ಬೆನ್ನು. ಕೈಬೆರಳುಗಳ ಗಂಟು ಗಂಟಿನ ಮೇಲೆ ಕೆನ್ನೀಲಿಯ ಚಪ್ಪಟೆ ಗುಳ್ಳೆಗಳು ಕಾಣಿಸಿಕೊಂಡವು. ಅದಕ್ಕೆ ಪಾತ್ರೆ ಬೆಳಗುವ ಬೂದಿ ಕಾರಣವೆಂದೆವು. ಮೇ ತಿಂಗಳಲ್ಲಿ ಅವರು ಊಟದ ಮಣೆಯಿಂದ ಏಳುವಾಗ ಗೋಡೆ ಹಿಡಿಯತೊಡಗಿದರು. ಅದನ್ನು ವಯಸ್ಸಿನ ಮೇಲೆ ಹಾಕಿದೆವು, ಅವರಿಗೆ ಆಗ ನಲವತ್ತೊಂದು. ಜೂನಿನಲ್ಲಿ ಬಾವಿಯ ಕೊಡ ಎತ್ತಲಾಗಲಿಲ್ಲ. “ಕೈ ಮೇಲೆ ಹೋಗ್ತಿಲ್ಲೆ. ತಲೆ ಬಾಚಲೂ ಸುಮತಿಯೇ ಬೇಕು,” ಎಂದು ನನ್ನ ಹೆಂಡತಿಯ ಹತ್ತಿರ ಅತ್ತರಂತೆ. ಸುಮತಿ ಅವರ ಒಬ್ಬಳೇ ಮಗಳು. ಆಗ ಹತ್ತೊಂಬತ್ತು ವರ್ಷ. ಚರ್ಮಕ್ಕೊಂದು, ಕೈಕಾಲಿನ ನಿಶ್ಶಕ್ತಿಗೊಂದು ಬೇರೆ ಬೇರೆ ಕಾರಣಗಳನ್ನು ನಾವು ಹುಡುಕಿಕೊಂಡಿದ್ದೆವು. ಎರಡೂ ಒಂದೇ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಕೇರಿಯಲ್ಲಿ ಒಂದು ಮಾತು ಮಾತ್ರ ಬಾಯಿಂದ ಬಾಯಿಗೆ ಮೆಲ್ಲಗೆ ಹೊರಟಿತ್ತು. ಅದು ಮಹಾರೋಗದ, ಎಂದರೆ ಕುಷ್ಠದ ಮಾತು. ಊರಿನ ವೈದ್ಯರು ಹತ್ತಿಯ ಎಳೆ ತಾಗಿಸಿ, ಸೂಜಿ ಚುಚ್ಚಿ ನೋಡಿ, ಸ್ಪರ್ಶ ಸರಿಯಾಗಿದೆ, ಅದಲ್ಲ ಎಂದರು. ಏನೆಂದು ಅವರಿಗೂ ತಿಳಿಯಲಿಲ್ಲ. ಜುಲೈ ಕೊನೆಯಲ್ಲಿ ಹರಿಹರನ ದೂರದ ಸಂಬಂಧದ ಅಜ್ಜಿಯೊಬ್ಬರು ಬಂದವರು ಪರಮೇಶ್ವರಿಯ ರವಿಕೆಯ ಕೊರಳಪಟ್ಟಿಯನ್ನು ಮಗುಚಿ ನೋಡಿ, ಅಲ್ಲಿ ಒಂದು ಕಪ್ಪು ಚುಕ್ಕೆ ಕಂಡು, “ಇದೇ ನೋಡು! ಮಡಿವಾಳನ ಕರಿಗೇರು,” ಎಂದರು. ಮನೆಯವರೆಲ್ಲ ನಿಟ್ಟುಸಿರಿಟ್ಟರು. ಮಹಾರೋಗ ಎನ್ನುವುದಕ್ಕಿಂತ ಕರಿಗೇರು ಎನ್ನುವುದು ಎಷ್ಟೋ ಹಗುರವಾಗಿತ್ತು. ಎರಡೇ ದಿನದಲ್ಲಿ ಕೇರಿಯೂ ಅದನ್ನೇ ಹೇಳಿತು.

ಹರಿಹರ ದುರ್ಗನನ್ನು ಜಗಲಿಗೆ ಕರೆಸಿದಾಗ ನಾನೂ ಅಲ್ಲಿದ್ದೆ.

“ಇದೆಂತ ಮಾರಾಯ?” ಎಂದು ಹರಿಹರ ರವಿಕೆಯನ್ನು ತೋರಿಸಿದ.

“ಅದು ಹಳೇ ಗುರ್ತು ಒಡೆಯಾ. ನಾ ಕರಿಗೇರು ಬಿಟ್ಟು ಮೂರು ವರ್ಷ ಆತು. ಈ ಕೆಂಪು ದಾರ ನೋಡ್ರಿ, ನಂದು ಈಗ ಇದು. ಆ ಚುಕ್ಕಿ ಇಷ್ಟು ವರ್ಷ ಸುಮ್ನೆ ಇದ್ದದ್ದು ಈಗ ಎಂತಕ್ಕೆ ಕಚ್ತದೆ?”

“ನೀನು ಸುಳ್ಳು ಹೇಳುವವ ಅಲ್ಲ, ನನಗೆ ಗೊತ್ತು.”

“ಹಾಂಗಾರೆ ಅಷ್ಟೇ ಹೇಳಿ ಬಿಡ್ರಿ. ನಿಮ್ಮ ಬಾಯಲ್ಲಿ ಬಂದ್ರೆ ಕೇರಿ ಕೇಳ್ತದೆ.”

“ಹೇಳುವಾ. ಮೊದಲು ಏನೂಂತ ತಿಳಿಯಲಿ. ಅಲ್ಲಿಯವರೆಗೆ ನಮ್ಮ ಮನೆ ಬಟ್ಟೆ ಬೇಡ.”

ದುರ್ಗ ರವಿಕೆಯನ್ನು ಮಡಚಿ ಜಗಲಿಯ ಮೇಲಿಟ್ಟ. “ನೀವು ಬಟ್ಟೆ ನಿಲ್ಲಿಸಿದ್ರೆ ಉಳಿದವ್ರಿಗೆ ಮತ್ತೆ ಹೇಳೂದು ಎಂತ ಉಂಟು?” ಎಂದು ಕೇಳಿ ಹೊರಟುಹೋದ. ಅವನು ಹೇಳಿದಂತೆಯೇ ಆಯಿತು. ದೀಪಾವಳಿಯ ಹೊತ್ತಿಗೆ ಹನ್ನೊಂದು ಮನೆಗಳಲ್ಲಿ ಎಂಟು ಅವನನ್ನು ಬಿಟ್ಟಿದ್ದವು. ಪೇಟೆಯಲ್ಲಿ ಆಗಷ್ಟೇ ತೆರೆದಿದ್ದ ಲಾಂಡ್ರಿಗೆ ಬಟ್ಟೆಗಳು ಹೋಗತೊಡಗಿದವು. ನಾವು ಬಿಡಲಿಲ್ಲ. ಅದನ್ನು ನನ್ನ ಹೆಗ್ಗಳಿಕೆಯೆಂದು ಬರೆಯುತ್ತಿಲ್ಲ. ಮುಂದೆ ನಡೆದದ್ದನ್ನು ನೋಡಿದರೆ ಹಾಗೆ ಬರೆಯುವ ಹಕ್ಕು ನನಗಿಲ್ಲ.

ನವೆಂಬರ್ ಹದಿನಾಲ್ಕರಂದು ಪರಮೇಶ್ವರಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದೆವು. ದಾಕ್ತರರೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಬೇಕಾದೀತೆಂದು ಹರಿಹರ ನನ್ನನ್ನೂ ಕರೆದಿದ್ದ. ಅದರ ಅಗತ್ಯವೇ ಬೀಳಲಿಲ್ಲ. ಅವರು ಧಾರವಾಡ ಕಡೆಯ ನಡುವಯಸ್ಸಿನ ಮನುಷ್ಯ, ಅಚ್ಚ ಕನ್ನಡದಲ್ಲೇ ಮಾತನಾಡಿದರು. ಮೊದಲು ರೋಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಏನೂ ಕೇಳದೆ ಮುಖವನ್ನು ನೋಡಿದರು. ಆಮೇಲೆ ಕೈಗಳನ್ನು ತಮ್ಮ ಅಂಗೈಯ ಮೇಲೆ ಇಟ್ಟುಕೊಂಡು ಬೆರಳ ಗಂಟುಗಳನ್ನು ಒಂದೊಂದಾಗಿ ಎಣಿಸುವವರಂತೆ ನೋಡಿದರು. ಗುಳ್ಳೆಗಳೆಲ್ಲ ಗಂಟುಗಳ ಮೇಲೆಯೇ ಇದ್ದವು; ಗಂಟು ಗಂಟಿನ ನಡುವಿನ ಚರ್ಮ ಸ್ವಚ್ಛವಾಗಿತ್ತು. ಭೂತಗನ್ನಡಿ ಹಿಡಿದು ಉಗುರಿನ ಬುಡವನ್ನು ನನಗೂ ತೋರಿಸಿದರು. ಅಲ್ಲಿ ಸಣ್ಣ ಕೆಂಪು ಗೆರೆಗಳು, ಊದಿದ ನರದ ಎಳೆಗಳಂತೆ.

“ಈಗ ಏಳ್ರಿ ತಾಯಿ. ಕೈ ಊರಬ್ಯಾಡ್ರಿ.”

ಪರಮೇಶ್ವರಿ ಮೂರು ಸಲ ಪ್ರಯತ್ನಿಸಿದರು. ಏಳಲಾಗಲಿಲ್ಲ. ತೋಳುಗಳನ್ನು ಮೇಲೆತ್ತಲು ಹೇಳಿದಾಗ ಅವು ಹೆಗಲಿನ ಮಟ್ಟಕ್ಕೆ ಬಂದು ನಡುಗಿ ಕೆಳಗಿಳಿದವು.

ಹರಿಹರ ಮುಂದೆ ಬಂದು, “ಡಾಕ್ಟರೇ, ಇದು ಮಡಿವಾಳನ ಕರಿಗೇರಿನ ಗುರುತಿನಿಂದ ಆದದ್ದು ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ,” ಎಂದ.

ದಾಕ್ತರರು ಕನ್ನಡಕವನ್ನು ಹಣೆಗೇರಿಸಿದರು. “ನಿಮ್ಮ ಊರಾಗ ಅಗಸ ಬೆರಳಿನ ಗಂಟಿಗೂ ಗುರ್ತು ಹಾಕ್ತಾನೇನ್ರೀ? ಕಣ್ಣಿನ ರೆಪ್ಪಿಗೂ?”

ನರ್ಸು ನಕ್ಕಳು. ಪರಮೇಶ್ವರಿಯೂ, ಎಷ್ಟೋ ದಿನದ ಮೇಲೆ, ನಕ್ಕರು. ದಾಕ್ತರರು ನಗಲಿಲ್ಲ. ನರ್ಸಿನ ಕೈಯಲ್ಲಿ ರವಿಕೆಯ ಕೊರಳನ್ನು ಎರಡು ಬೆರಳಿನಷ್ಟು ಸರಿಸಿಸಿ ತೋರಿಸಿದರು. ಬಟ್ಟೆಯ ಅಂಚಿನ ತನಕ ಬಂದ ಕೆಂಪು ಅಲ್ಲಿಯೇ ಗೆರೆ ಕೊಯ್ದಂತೆ ನಿಂತಿತ್ತು. ಗುರುತು ಒತ್ತಿ ಕೂರುವ ಜಾಗದಲ್ಲಿ, ಕೊರಳಪಟ್ಟಿಯ ಕೆಳಗೆ, ಚರ್ಮ ಎಳೆಯ ಮಗುವಿನದರಂತೆ ಇತ್ತು. “ಕರಿಗೇರು ಕಡಿದ್ರ ಗುರ್ತಿನ ಬುಡಕ ಬೊಬ್ಬಿ ಬರ್ತಾವ, ನೀರು ಸೋರ್ತದ, ಹದಿನೈದು ದಿನಕ್ಕ ಹೋಗ್ತದ. ಇದು ನೋಡ್ರಿ, ಬಿಸಿಲು ಬಿದ್ದಲ್ಲಿ ಬಂದೇತಿ, ಬಟ್ಟಿ ಮುಚ್ಚಿದಲ್ಲಿ ಇಲ್ಲ. ಶಾಲು ಹೊದ್ದಂಗ ಕೊರಳ ಸುತ್ತ ಕುಂತೇತಿ. ಯಾವಾಗ ಸುರುವಾತು?”

“ಜೂನಿನಲ್ಲಿ,” ಎಂದ ಹರಿಹರ.

“ಫೆಬ್ರುವರಿಯಲ್ಲಿ. ಮೊದಲು ರೆಪ್ಪೆ. ನಿಶ್ಶಕ್ತಿ ಮೇ ತಿಂಗಳಿಂದ,” ಎಂದೆ ನಾನು.

“ಹಂಗೇ ಬರೋದು. ಚರ್ಮ ಮೊದಲ ಹೇಳ್ತದ. ನಾವು ಕೇಳೂದು ತಡಾ.”

ತೊಡೆಯ ಸ್ನಾಯುವಿನ ಒಂದು ಸಣ್ಣ ತುಣುಕನ್ನು ತೆಗೆದು, ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಿದರು. ಹತ್ತು ದಿನ ಅಲ್ಲಿಯೇ ಇದ್ದೆವು. ಸ್ನಾಯುಗಳು ಒಳಗೊಳಗೇ ಉರಿಯೂತದಿಂದ ಸವೆಯುವ ರೋಗ ಎಂದು ಖಚಿತವಾಯಿತು. ಡರ್ಮಟೊಮಯೊಸೈಟಿಸ್ ಎಂಬ ಹೆಸರನ್ನು ಅವರು ಬರೆದುಕೊಟ್ಟರು. ನಾನು ದಿನಚರಿಗೆ ಇಳಿಸಿಕೊಂಡೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಯಾರ ಕೈಯಿಂದಲೂ ಬಂದದ್ದಲ್ಲ. ಕೆಲವರಲ್ಲಿ ಇದರ ಹಿಂದೆ ಒಳಗೆಲ್ಲಾದರೂ ಗಡ್ಡೆ ಇರುವುದುಂಟು ಎಂದು ಹೊಟ್ಟೆ, ಎದೆಗಳನ್ನೂ ಪರೀಕ್ಷಿಸಿ, ಸದ್ಯಕ್ಕೆ ಏನೂ ಇಲ್ಲ, ಆದರೆ ಆಗಾಗ ಬಂದು ತೋರಿಸಿ ಎಂದರು. ಮಾತ್ರೆಗಳನ್ನು ಕೊಟ್ಟು, ಬಿಸಿಲಿಗೆ ಹೋಗಬೇಡಿ ಎಂದು ಹೇಳಿದರು.

ಹಿಂದಿರುಗುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸು ನಿಂತಿತು. ಪರಮೇಶ್ವರಿ ಒಳಗೆ ಒರಗಿಕೊಂಡಿದ್ದರು. ಹರಿಹರ ನನ್ನನ್ನು ಕೆಳಗೆ ಕರೆದ.

“ಈಗ ಎಂತದೂ ಹೇಳದು ಬ್ಯಾಡ. ಕುಮಟಾ ಕಡೆಯಿಂದ ಸುಮತಿಗೆ ಒಂದು ಸಂಬಂಧ ಬಂದು ನಿಂತಿದ್ದು. ಅಮ್ಮಂಗೆ ಹೆಸರು ಹೇಳಲೂ ಬಾರದ ರೋಗ ಅಂದ್ರೆ, ಮಗಳಿಗೂ ಬತ್ತು ಅಂತ ಹಿಂದೆ ಸರೀತ. ಕರಿಗೇರು ಅಂದ್ರೆ ಯಾರೂ ಹೆದರ್ತಿಲ್ಲೆ.”

“ದುರ್ಗ?”

“ಅವಂಗೆ ನಾನೇ ಹೇಳ್ತೆ. ಸುಮತಿದು ಒಂದು ಆಗ್ಲಿ.”

ನಾನು “ಆತು” ಎಂದೆ.

ಡಿಸೆಂಬರ್ ಏಳು, ಗುರುವಾರ, ದುರ್ಗ ಬಟ್ಟೆ ತಂದಾಗ ಮೊದಲು ಕೇಳಿದ್ದು ಪರಮೇಶ್ವರಿಯಮ್ಮನ ಆರೋಗ್ಯ. ಪೂರ್ತಿ ಮುಚ್ಚಿಡಲು ನನ್ನಿಂದಾಗಲಿಲ್ಲ. ದಾಕ್ತರರು ನಿನ್ನ ತಪ್ಪಲ್ಲ ಎಂದಿದ್ದಾರೆ, ಹೆಗಡೆಯವರೇ ಅದನ್ನು ಎಲ್ಲರಿಗೂ ಹೇಳುತ್ತಾರೆ, ಸ್ವಲ್ಪ ತಾಳು ಎಂದೆ. ಅವನ ಮುಖ ಹಗುರವಾದದ್ದನ್ನು ನಾನು ಕಂಡೆ. “ಒಡೆಯರು ಹೇಳ್ತ್ರು ಅಂದ ಮೇಲೆ ಆತು. ತಾಳೂದು ನಂಗೆ ಕಷ್ಟ ಅಲ್ಲ ಮಾಸ್ತರ್ರೆ. ಸೋಮಿಗೆ ಹೇಳ್ತೆ, ಅವ್ಳೇ ದಿನಾ ಅಳೂದು,” ಎಂದ. ಅಂದು ಅವನು ಗಂಟು ಕಟ್ಟುವಾಗ ಗುನುಗುತ್ತಿದ್ದ. ಎಷ್ಟು ದಿನ ತಾಳಬೇಕು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜನವರಿ ಹದಿನೆಂಟು, ಅದೂ ಗುರುವಾರವೇ. ಸಂಜೆ ಕುಮಟಾದ ಕಡೆಯವರು ಸುಮತಿಯನ್ನು ನೋಡಲು ಬಂದರು. ಹರಿಹರನ ಜಗಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ನಾನೂ ದುರ್ಗನೂ ಬೇಲಿಯ ಈಚೆಗೆ ಕುಳಿತು ಬಟ್ಟೆ ಎಣಿಸುತ್ತಿದ್ದೆವು. ವರನ ದೊಡ್ಡತ್ತೆಯ ಗಟ್ಟಿ ದನಿ ಕೇಳಿಸಿತು:

“ಅಲ್ದಾ, ನಿಮ್ಮನೆಯವಳ ಕೈಗೆ, ಮುಖಕ್ಕೆ ಎಂತ ಆಯ್ದು? ಕೇಳಿದೆ ಅಂತ ಬೇಜಾರು ಮಾಡ್ಕಳಡಿ.”

“ಎಂತದೂ ಇಲ್ಲೆ,” ಎಂದ ಹರಿಹರ, ಅದೇ ಮೃದು ದನಿಯಲ್ಲಿ. “ನಮ್ಮ ಮಡಿವಾಳಂದು ಕೆಲಸ. ಕರಿಗೇರು ಹಾಕಿ ಹಾಳು ಮಾಡಿದ. ಅವನ್ನ ಬಿಡಿಸಿದ್ದೆ. ಈಗ ಗುಣ ಆಗ್ತಾ ಇದ್ದು.”

“ಹಾಂಗೋ! ಅಂಥವಂಗೆ ಬೆನ್ನಿಗೆ ನಾಲ್ಕು ಕೊಡಕಾಗಿತ್ತು.” ಎಲ್ಲರೂ ನಕ್ಕರು.

ದುರ್ಗನ ಕೈಯಲ್ಲಿ ನನ್ನ ಪಂಚೆಯಿತ್ತು. ಅವನು ಬೇಲಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ನಾನು ಏಳಬಹುದಿತ್ತು. ಬೇಲಿಯ ಸಂದಿನಲ್ಲಿ ಹತ್ತು ಹೆಜ್ಜೆ ನಡೆದರೆ ಆ ಜಗಲಿ. ದಾಕ್ತರರು ಹೇಳಿದ್ದನ್ನು ಕಿವಿಯಾರೆ ಕೇಳಿದವನು ಆ ಗಂಡಹೆಂಡಿರ ಹೊರತು ನಾನೊಬ್ಬನೇ. ನಾನು, “ಪಂಚೆ ನಾಲ್ಕು, ಅಂಗಿ ಆರು,” ಎಂದೆ. ಅವನು, “ಅಂಗಿ ಏಳು, ಮಾಸ್ತರ್ರೆ,” ಎಂದು ತಿದ್ದಿದ.

ಸಂಬಂಧ ಕೂಡಿಬಂತು. ಮೇ ಆರಕ್ಕೆ ಮದುವೆ ನಿಶ್ಚಯವಾಯಿತು. ಆಗ ಹರಿಹರನಿಗೆ ಒಂದು ತೊಡಕು ಎದುರಾಯಿತು. ಮಂಟಪಕ್ಕೆ ಮೇಲ್ಕಟ್ಟು ಕಟ್ಟಲು, ನಡೆಮಡಿ ಹಾಸಲು ಮಡಿವಾಳ ಬೇಕು. ಉಳಿದ ಮಡಿವಾಳರು, ಅದು ದುರ್ಗನ ಹಕ್ಕಿನ ಮನೆ, ಅವನು ಹೇಳದೆ ನಾವು ಬರುವುದಿಲ್ಲ ಎಂದುಬಿಟ್ಟರು. ದಾರದ ಗುರುತಿಗೆ ನಕ್ಕವರೇ ಈ ಮಾತಿನಲ್ಲಿ ಒಂದಾಗಿ ನಿಂತರು. ಏಪ್ರಿಲ್ ಕೊನೆಯಲ್ಲಿ ಹರಿಹರ ನನ್ನನ್ನೂ ಕರೆದುಕೊಂಡು ದುರ್ಗನ ಬಿಡಾರಕ್ಕೆ ಹೋದ.

ಸೋಮಿ ಬಾಗಿಲಲ್ಲಿದ್ದಳು. ನಮ್ಮನ್ನು ಕಂಡು ಒಳಗೆ ಹೋದವಳು ಒಳಗಿನಿಂದಲೇ, “ಬೆನ್ನಿಗೆ ನಾಲ್ಕು ಕೊಡೂಕೆ ಬಂದ್ರಾ ಕೇಳಿ,” ಎಂದಳು.

“ನೀ ಸುಮ್ನಿರು,” ಎಂದ ದುರ್ಗ. ಚಾಪೆ ಹಾಸಿದ. ನಾವು ಕೂರಲಿಲ್ಲ.

“ದುರ್ಗ, ಆದದ್ದು ಆಯಿತು,” ಎಂದ ಹರಿಹರ. “ಸುಮತಿಯ ಮದುವೆಗೆ ನೀನೇ ಬರಬೇಕು. ಆ ಹುಡುಗಿ ನಿನ್ನ ಕಣ್ಣೆದುರೇ ಬೆಳೆದವಳು.”

“ಹೌದು. ಅವ್ಳ ಪುರುಡಿನ ಬಟ್ಟೆ ಒಗೆದವ ನಾನೇ. ಆದ್ರೆ ಒಡೆಯಾ, ಆ ಅಂಗಳದಲ್ಲಿ ನಾ ಯಾವ ಮುಖ ಇಟ್ಕಂಡು ಬಗ್ಗಿ ಬಟ್ಟೆ ಹಾಸೂದು?”

“ದಿಬ್ಬಣ ಬಂದಾಗ ಎರಡೂ ಕಡೆಯವರ ಎದುರು ನಾನೇ ಹೇ‍ಳುತ್ತೇನೆ. ನಿಶ್ಚಯ ಆಗಿದೆ, ಇನ್ನು ಹೆದರಿಕೆ ಇಲ್ಲ.”

“ಒಂದೇ ಮಾತು ಸಾಕು. ಇದು ದುರ್ಗನ ಗುರ್ತಿಂದ ಆದದ್ದಲ್ಲ. ಅಷ್ಟೇ.”

“ಹೇಳುತ್ತೇನೆ.”

ದುರ್ಗ ನನ್ನತ್ತ ತಿರುಗಿ, “ಮಾಸ್ತರ್ರೂ ಕೇಳಿದ್ರಲ್ಲ,” ಎಂದ. ನಾನು ತಲೆಯಾಡಿಸಿದೆ.

ಮದುವೆಯ ದಿನ ಅವನು ಬೆಳಗಿನ ಜಾವವೇ ಬಂದ. ಮೇಲ್ಕಟ್ಟು ಕಟ್ಟಿದ. ನಡೆಮಡಿಗೆ ತಂದ ಬಟ್ಟೆಗಳು ಅಷ್ಟು ಬೆಳ್ಳಗಿದ್ದವೆಂದರೆ ಪುರೋಹಿತರೇ ಒಮ್ಮೆ ನಿಂತು ನೋಡಿದರು. ಮಾತ್ರೆಗಳಿಂದ ಪರಮೇಶ್ವರಿಯ ಮುಖ ದುಂಡಗಾಗಿ ಊದಿತ್ತು. ಅವರನ್ನು ಜಗಲಿಯ ನೆರಳಿನಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಹತ್ತು ಗಂಟೆಗೆ ದಿಬ್ಬಣ ಬಂತು. ಅಂಗಳದ ಬಾಗಿಲಿನಲ್ಲಿ ದುರ್ಗ ಮೊದಲ ಬಟ್ಟೆಗಳನ್ನು ಹಾಸಿದ. ವರ ಬಟ್ಟೆಯಾಚೆ ನಿಂತಿದ್ದ. ವಾದ್ಯದವರು ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಂತರು. ದುರ್ಗ ಬಗ್ಗಿದಲ್ಲಿಯೇ, ಬಟ್ಟೆಯ ಅಂಚು ಹಿಡಿದು, ತಲೆಯೆತ್ತಿ ಹರಿಹರನನ್ನು ನೋಡಿದ.

ವರನ ದೊಡ್ಡತ್ತೆಗೆ ಮಡಿವಾಳನನ್ನು ಕಂಡು ಜನವರಿಯ ಮಾತು ನೆನಪಾಯಿತು. “ಇವನೇ ಅಲ್ದಾ ಆ ಕರಿಗೇರಿನಂವ? ಇಲ್ಲಿಗೂ ಹಚ್ಚಿದ್ನಾ ನೋಡ್ರೋ, ಮದುಮಗನ ಕಾಲು ಊದೀತು!”

ನಗೆ ಎದ್ದಿತು. ಹರಿಹರನ ಕೈಯಲ್ಲಿ ಆರತಿಯ ತಟ್ಟೆ ಇತ್ತು. ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ಮರುಕ್ಷಣ, “ಮುಹೂರ್ತ ಮೀರ್ತಾ ಇದ್ದು, ಬನ್ನಿ, ಬನ್ನಿ,” ಎಂದ. ವಾದ್ಯ ಮತ್ತೆ ಶುರುವಾಯಿತು. ವರ ನಡೆದು ಬಂದ. ದುರ್ಗ ಹಿಂದಿನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಹಾಸುತ್ತ ಮಂಟಪದವರೆಗೆ ತಂದು ಬಿಟ್ಟ. ಒಂದು ಬಟ್ಟೆಯೂ ಸೊಟ್ಟಗಾಗಲಿಲ್ಲ.

ಮಡಿವಾಳನಿಗೆ ಕೊಡುವ ಅಕ್ಕಿ, ತೆಂಗಿನಕಾಯಿ, ಪಂಚೆಗಳನ್ನು ಮೊರದಲ್ಲಿಟ್ಟು ಪರಮೇಶ್ವರಿ ಅವನನ್ನು ಹುಡುಕಿಸಿದರು. ಅವನು ಊಟಕ್ಕೂ ಉಳಿದಿರಲಿಲ್ಲ. ಮರುದಿನ ನನ್ನ ಹೆಂಡತಿ ಆ ಮೊರವನ್ನು ಬಿಡಾರಕ್ಕೆ ಒಯ್ದಾಗ ಸೋಮಿ ಅದನ್ನು ಮುಟ್ಟದೆ, “ನಾವು ಮಳೆಗೆ ಮೊದ್ಲೇ ಭಟ್ಕಳಕ್ಕೆ ಹೋಗ್ತೇವೆ. ಭಾರ ಹೆಚ್ಚಾಗ್ತದೆ ಅಮ್ಮಾ,” ಎಂದು ಹಿಂದಕ್ಕೆ ಕಳುಹಿಸಿದಳು. ಜೂನ್ ಎರಡಕ್ಕೆ ಅವರು ಹೊರಟುಹೋದರು. ನಮ್ಮ ಮನೆಯ ಬಟ್ಟೆಗಳನ್ನು ಅದಕ್ಕೆ ಮೊದಲೇ ತಂದು, ಇಸ್ತ್ರಿ ಮಾಡಿ, ನಾನು ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಇಟ್ಟು ಹೋಗಿದ್ದ.

ಸುಮತಿ ಗಂಡನ ಮನೆಯಲ್ಲಿ ನೆಲೆಗೊಂಡ ಮೇಲೆ ಹರಿಹರ ಸತ್ಯವನ್ನು ಹೇಳತೊಡಗಿದ. ಜಗಲಿಗೆ ಬಂದವರಿಗೆಲ್ಲ, ಕೇಳದವರಿಗೂ ಹೇಳಿದ. ಬೀಗರಿಗೂ ತಿಳಿಯಿತು, ಅವರಲ್ಲಿ ಯಾರೂ ಏನೂ ಅನ್ನಲಿಲ್ಲ. ಕೇರಿಯವರು, “ಹೌದೇ? ಪಾಪ,” ಎಂದರು. ಲಾಂಡ್ರಿಗೆ ಬಟ್ಟೆ ಕೊಡುವುದು ಆಗ ಎಲ್ಲರಿಗೂ ಅಭ್ಯಾಸವಾಗಿತ್ತು.

೧೯೬೪ರ ದಸರೆಯ ರಜೆಯಲ್ಲಿ ಪರಮೇಶ್ವರಿಯೇ ಪಟ್ಟು ಹಿಡಿದು ನಮ್ಮಿಬ್ಬರನ್ನು ಭಟ್ಕಳಕ್ಕೆ ಕಳುಹಿಸಿದರು. ಅವರು ಆ ಹೊತ್ತಿಗೆ ಬಹಳ ಮಟ್ಟಿಗೆ ಚೇತರಿಸಿಕೊಂಡಿದ್ದರು. ಶರಾವತಿಯನ್ನು ದೋಣಿಯಲ್ಲಿ ದಾಟಿ, ಆಚೆ ದಡದ ಕಾಸರಕೋಡಿನಲ್ಲಿ ಬಸ್ಸು ಹಿಡಿದು ಹೋದೆವು. ಪೇಟೆಯ ಒಂದು ಓಣಿಯಲ್ಲಿ ದುರ್ಗನ ಇಸ್ತ್ರಿ ಅಂಗಡಿ ಸಿಕ್ಕಿತು. ನವಾಯತರ ಯಜಮಾನರೊಬ್ಬರು, “ದುರ್ಗಾ ಭಾಯ್, ಶುಕ್ರವಾರದೊಳಗೆ ಕೊಡು ಮಾರಾಯ, ನಮಾಜಿಗೆ ಬೇಕು,” ಎಂದು ಹೇಳಿ ಅಂಗಡಿಯ ಮೆಟ್ಟಿಲಿಳಿಯುತ್ತಿದ್ದರು. ದುರ್ಗ ನಮ್ಮನ್ನು ಕಂಡು ಎದ್ದು ನಿಂತ. ಬೆಂಚನ್ನು ಒರೆಸಿದ. ಎದುರಿನ ಅಂಗಡಿಯಿಂದ ಚಾ ತರಿಸಿದ.

“ಅಮ್ಮ ಹ್ಯಾಂಗಿದ್ರು? ತಲೆ ತಾವೇ ಬಾಚ್ಕಂತ್ರಾ?”

“ಬಾಚಿಕೊಳ್ಳುತ್ತಾಳೆ. ಬಾವಿ ನೀರೂ ಸೇದುತ್ತಾಳೆ,” ಎಂದ ಹರಿಹರ.

“ಒಳ್ಳೇದಾತು.”

“ಎಲ್ಲರಿಗೂ ಹೇಳಿದ್ದೇನೆ ದುರ್ಗ. ಒಬ್ಬರನ್ನೂ ಬಿಟ್ಟಿಲ್ಲ.”

“ಕೇಳ್ದೆ ಒಡೆಯಾ. ಈಚೆ ಬರೂ ಜನ ಹೇಳಿದ್ರು.”

“ವಾಪಸು ಬಾ. ನಿನ್ನ ಮನೆಗಳು ಇವೆ.”

“ಹನ್ನೊಂದರಲ್ಲಿ ಎಷ್ಟು ಮನೆ ಕರೀತವು?”

ಹರಿಹರ ಚಾದ ಲೋಟವನ್ನು ಎತ್ತಿಕೊಂಡ. ಎರಡು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು: ಅವನದು ಮತ್ತು ನನ್ನದು. ದುರ್ಗನೂ ಅದನ್ನು ಊಹಿಸಿದ್ದಿರಬೇಕು, ಮತ್ತೆ ಕೇಳಲಿಲ್ಲ. ನಾವು ಚಾ ಕುಡಿದು ಮುಗಿಸುವವರೆಗೂ ಭಟ್ಕಳದ ಮಳೆಯ ಬಗ್ಗೆ, ಇಲ್ಲಿನವರು ಬಿಳಿ ಬಟ್ಟೆಗೆ ಕೊಡುವ ನೀಲಿಯ ಬಗ್ಗೆ ಮಾತನಾಡಿದ. ಹರಿಹರ ಬಸ್ಸಿನ ಹೊತ್ತಾಯಿತೆಂದು ಎದ್ದು, ಅಳುಕುತ್ತ, “ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ,” ಎಂದ.

“ಸಿಟ್ಟು ಇಲ್ಲ ಅಂದ್ರೆ ಸುಳ್ಳಾಗ್ತದೆ,” ಎಂದ ದುರ್ಗ. “ಆದ್ರೆ ನಿಮ್ಮದು ನಂಗೆ ತಿಳೀತದೆ. ಮನೇಲಿ ಮದ್ವೆಗೆ ಬಂದ ಮಗಳು. ನಂಗೆ ಮಗಳಿದ್ರೆ ನಾ ಎಂತ ಮಾಡ್ತಿದ್ನೋ, ದೇವ್ರಿಗೇ ಗೊತ್ತು.” ಆಮೇಲೆ ನನ್ನ ಕಡೆ ತಿರುಗಿದ. ದನಿಯಲ್ಲಿ ಏರಿಳಿತವಿರಲಿಲ್ಲ, ತಿಳಿಯದ್ದನ್ನು ತಿಳಿದವರಲ್ಲಿ ಕೇಳುವ ರೀತಿಯಲ್ಲೇ ಕೇಳಿದ. “ಮಾಸ್ತರ್ರೆ, ಒಡೆಯರಿಗೆ ಮಗಳಿತ್ತು. ನಿಮಗೆ ಎಂತ ಇತ್ತು?”

ನಾನು ಬೆಂಚಿನಿಂದ ಎದ್ದು ನಿಂತಿದ್ದೆ. ಕೈಯಲ್ಲಿ ಖಾಲಿ ಲೋಟವಿತ್ತು. ಅವನು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ನಮಗೆ ಬಸ್ಸು ತಪ್ಪೀತೆಂದು ಎಚ್ಚರಿಸಿ, ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆರೆದು ಕೆಂಡ ತುಂಬತೊಡಗಿದ.